ಉಪ್ಪಿಟ್ಟಿಗೆ ರವೆ ಆರಿಸೋರು ಕೋವಿಗೆ ಮದ್ದು ಆರಿಸಲ್ವಾ?

ವಿಜಯನಗರದ ಯಾವುದಾದರೂ ದಿನಸಿ ಅಂಗಡಿಗೆ ಹೋಗಿ "ಒಂದು ಕೆಜಿ ರವೆ ಕೊಡಿ" ಅಂತ ಕೇಳಿ ನೋಡಿ. ಅಂಗಡಿಯವರು ಸುಮ್ಮನೆ ಕಟ್ಟಿ ಕೊಡಲ್ಲ. "ಯಾವ ರವೆ ಸಾರ್?" ಅಂತ ವಾಪಸ್ ಕೇಳ್ತಾರೆ. ಚಿರೋಟಿ ರವೆನಾ, ಬಾಂಬೆ ರವೆನಾ, ಬನ್ಸಿ ರವೆನಾ? ಮೂರೂ ಗೋಧಿಯಿಂದಲೇ ಬಂದಿದ್ದು. ಆದ್ರೆ ಚಿರೋಟಿ ರವೆಯಲ್ಲಿ ಉಪ್ಪಿಟ್ಟು ಮಾಡಿದ್ರೆ ಅಂಟು ಮುದ್ದೆ ಆಗತ್ತೆ ಅನ್ನೋದು ಅಡುಗೆಮನೆ ಕಡೆ ತಲೆ ಹಾಕದ ಗಂಡಸರಿಗೂ ಗೊತ್ತು. ಕೆಟ್ಟರೆ ಹೋಗೋದು ಒಂದು ಹೊತ್ತಿನ ತಿಂಡಿ, ಅಷ್ಟೇ. ಆದ್ರೂ ನೋಡಿ ತರ್ತೀವಿ.

ಅದೇ ಜನ ಶನಿವಾರ ಊರಿಗೆ ಹೋಗಿ ಅಜ್ಜನ ಕಾಲದ ಕೇಪಿನ ಕೋವಿ ಕೈಗೆತ್ತಿಕೊಂಡಾಗ "ಮದ್ದು ಅಂದ್ರೆ ಮದ್ದು ಕಣೋ, ಅದರಲ್ಲಿ ಯಾವುದು ಅಂತ ಏನಿದೆ?" ಅಂತಾರೆ. ನನ್ನ ಜಗಳ ಇರೋದು ಈ ಒಂದು ಮಾತಿನ ಮೇಲೆ. ಇಲ್ಲಿ ಕೆಟ್ಟರೆ ಹೋಗೋದು ತಿಂಡಿ ಅಲ್ಲ, ಕೈ. ಕೆಲವು ಸಲ ಕಣ್ಣು.

"ಬೆಂಗಳೂರಲ್ಲಿ ಕೂತವರಿಗೆ ಕೋವಿ ಮದ್ದಿನ ಉಸಾಬರಿ ಯಾಕಪ್ಪಾ?" ಅಂತ ಕೇಳ್ತೀರಿ ಅಂತ ಗೊತ್ತು. ಬಸವೇಶ್ವರನಗರ, ರಾಜಾಜಿನಗರ, ವಿಜಯನಗರ, ಕೆಂಗೇರಿ... ಈ ಕಡೆ ಬೀದಿಗಳಲ್ಲಿ ಮಲೆನಾಡಿನವರು, ಕೊಡಗಿನವರು ಎಷ್ಟು ಜನ ಇದ್ದೀವಿ ಅಂತ ಒಮ್ಮೆ ಲೆಕ್ಕ ಹಾಕಿ. ತೋಟ ಊರಲ್ಲಿದೆ, ಕೋವಿ ಊರಲ್ಲಿದೆ. ಅಪ್ಪ ಹೋದ ಮೇಲೆ ಲೈಸೆನ್ಸ್ ಮಾತ್ರ ಇಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ಮಗನ ಹೆಸರಿಗೆ ಬಂದಿದೆ. ಅಪ್ಪ ದಿನಾ ಸಂಜೆ ಮದ್ದು ಅಳೆದು ತುಂಬೋದನ್ನ ಅವರಪ್ಪನಿಂದ ನೋಡಿ ಕಲಿತಿದ್ದರು. ಮಗ ಹಾಸ್ಟೆಲ್‌ನಲ್ಲಿ ಓದಿದವನು, ನೋಡಿಯೇ ಇಲ್ಲ. ಕೋವಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬಂತು, ಅದರ ಜೊತೆ ಬರಬೇಕಿದ್ದ ತಿಳುವಳಿಕೆ ದಾರಿಯಲ್ಲೇ ಉಳೀತು.

ಗೊತ್ತಿಲ್ಲದವರಿಗೆ ಎರಡು ಮಾತು. ಕೇಪಿನ ಕೋವಿ ಅಂದ್ರೆ ನಳಿಗೆಯ ಬಾಯಿಯಿಂದ ತುಂಬೋ ಕೋವಿ. ಮೊದಲು ಮದ್ದು (ಕೆಲವು ಕಡೆ ಮಸಿ ಅಂತಾರೆ), ಅದರ ಮೇಲೆ ನಾರು ಅಥವಾ ಕಾಗದದ ಉಂಡೆ, ಆಮೇಲೆ ಚರೆ, ಮತ್ತೆ ಒಂದು ಉಂಡೆ. ಎಲ್ಲವನ್ನೂ ಗಜದಿಂದ ತಳ ಮುಟ್ಟೋ ಹಾಗೆ ಕೂರಿಸಬೇಕು. ಕೊನೆಗೆ ಹಿಂದುಗಡೆ ತೊಟ್ಟಿನ ಮೇಲೆ ತಾಮ್ರದ ಕೇಪು. ಕುದುರೆ ಬಂದು ಕೇಪಿಗೆ ಬಡಿದರೆ ಕಿಡಿ ತೊಟ್ಟಿನ ತೂತಿನಿಂದ ಒಳಗೆ ಹೋಗಿ ಮದ್ದಿಗೆ ತಗಲತ್ತೆ. ತೋಟಾ ಕೋವಿಯಲ್ಲಿ ಇದೆಲ್ಲ ಕಾರ್ಖಾನೆಯಲ್ಲೇ ಅಳೆದು ಮುಚ್ಚಿ ಬಂದಿರತ್ತೆ. ಕೇಪಿನ ಕೋವಿಯಲ್ಲಿ ಮಾತ್ರ ನೀವೇ ಕಾರ್ಖಾನೆ. ತಪ್ಪಿದರೆ ಹಿಡಿದು ಕೇಳೋಕೆ ಇನ್ನೊಬ್ಬ ಇಲ್ಲ.

ಈಗ ವಿಷಯಕ್ಕೆ ಬರೋಣ. ಕಪ್ಪು ಮದ್ದು ಅಂದ್ರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಅಂತ ಎಲ್ಲರೂ ಶಾಲೆಯಲ್ಲಿ ಓದಿದ್ದೀವಿ. ಶಾಲೆಯಲ್ಲಿ ಹೇಳಿಕೊಡದ ಮಾತು ಏನಪ್ಪಾ ಅಂದ್ರೆ, ಮದ್ದು ಹೇಗೆ ಉರಿಯತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಬರೀ ಈ ಪಾಲುಗಳಲ್ಲ, ಕಾಳಿನ ಗಾತ್ರ ಕೂಡ. ಪ್ರತಿ ಕಾಳೂ ಮೇಲ್ಮೈಯಿಂದ ಒಳಕ್ಕೆ ಉರಿಯತ್ತೆ. ಒಂದು ದಪ್ಪ ಕಾಳನ್ನ ಅದರ ಅರ್ಧ ಅಳತೆಯ ಎಂಟು ಕಾಳು ಮಾಡಿದ್ರೆ ತೂಕ ಅಷ್ಟೇ ಇರತ್ತೆ, ಉರಿಯೋ ಮೇಲ್ಮೈ ಎರಡರಷ್ಟಾಗತ್ತೆ. ಅಂದ್ರೆ ಅದೇ ತೂಕದ ಮದ್ದು ಇನ್ನೂ ಬೇಗ ಹೊಗೆ, ಅನಿಲ ಆಗತ್ತೆ. ಚರೆ ಇನ್ನೂ ತಳದಲ್ಲಿ ಕದಲುತ್ತಾ ಇರುವಾಗಲೇ ಒತ್ತಡ ಏರಿಬಿಡತ್ತೆ. ಆ ಒತ್ತಡ ತಡೆಯಬೇಕಾದ್ದು ಅಜ್ಜನ ಕಾಲದ ಕಬ್ಬಿಣದ ನಳಿಗೆ. ಅದರ ಪಕ್ಕದಲ್ಲೇ ನಿಮ್ಮ ಎಡಗೈ.

ಇದನ್ನ ಇನ್ನೊಂದು ಕಡೆಯಿಂದ ನೋಡಿ. ಟಿಪ್ಪುವಿನ ರಾಕೆಟ್ ಬಗ್ಗೆ ಹೆಮ್ಮೆಯಿಂದ ಬರೆಯದ ಕನ್ನಡ ಬ್ಲಾಗಿಗ ಯಾರಿದ್ದಾರೆ? 2018ರಲ್ಲಿ ಹೊಸನಗರ ತಾಲೂಕಿನ ಬಿದನೂರು ನಗರದ ಹಾಳು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಆ ಕಾಲದ ರಾಕೆಟ್‌ಗಳು ಸಿಕ್ಕಾಗ ಎಲ್ಲರ ಗೋಡೆ ಮೇಲೂ ಅದೇ ಸುದ್ದಿ. ಆ ಕಬ್ಬಿಣದ ಕೊಳವೆಯೊಳಗೆ ಇದ್ದದ್ದೂ ಇದೇ ಜಾತಿಯ ಮದ್ದು. ಆದ್ರೆ ರಾಕೆಟ್ಟಿಗೆ ಮದ್ದನ್ನ ಬಿಡಿಬಿಡಿ ಕಾಳಾಗಿ ಸುರಿಯಲ್ಲ, ಗಟ್ಟಿಯಾಗಿ ಒತ್ತಿ ತುಂಬ್ತಾರೆ. ಯಾಕಂದ್ರೆ ಅದು ಒಂದೇ ಏಟಿಗೆ ಉರಿಯಬಾರದು, ಹಾರೋವಷ್ಟು ಹೊತ್ತು ಉರಿಯಬೇಕು. ಕೋವಿಗೆ ಬೇಕಾದ್ದು ಬೇರೆ. ಹಾಗಾಗಿ ಅಲ್ಲಿ ಬಿಡಿ ಕಾಳು. ಮದ್ದು ಒಂದೇ, ರೂಪ ಬೇರೆ, ಕೆಲಸ ಬೇರೆ. ಇದನ್ನ ಇನ್ನೂರು ಚಿಲ್ಲರೆ ವರ್ಷದ ಹಿಂದೆ ಅರ್ಥ ಮಾಡಿಕೊಂಡಿದ್ದ ನಾಡು ನಮ್ಮದು. ರಾಕೆಟ್ ನಮ್ಮದು ಅಂತ ಎದೆ ತಟ್ಟಿಕೊಳ್ಳೋಕೆ ಮುಂಚೆ ಕೈಯಲ್ಲಿರೋ ಪೊಟ್ಟಣದ ಕಾಳು ಎಷ್ಟು ದಪ್ಪ ಅಂತ ನೋಡೋ ಅಭ್ಯಾಸ ಇರಬೇಕಲ್ವಾ?

ಹೊರದೇಶಗಳಲ್ಲಿ ಇದಕ್ಕೆ ಒಂದು ಲೆಕ್ಕ ಇದೆ. ಅಮೆರಿಕದ ಡಬ್ಬಿಗಳ ಮೇಲೆ ಎಫ್ ಅಕ್ಷರ ಬರೆದಿರ್ತಾರೆ. ಎಫ್ ಹೆಚ್ಚಾದಷ್ಟೂ ಕಾಳು ಸಣ್ಣ. ಜರಡಿ ಲೆಕ್ಕದಲ್ಲಿ ಹೇಳೋದಾದ್ರೆ ಹೆಚ್ಚುಕಮ್ಮಿ ಹೀಗೆ:

1. ಒಂದು ಎಫ್: 1.2ರಿಂದ 1.7 ಮಿಲಿಮೀಟರ್. ಗೋಧಿ ನುಚ್ಚಿನ ಹಾಗೆ. ಬಹಳ ದೊಡ್ಡ ಬಾಯಿಯ ಕೋವಿಗಳಿಗೆ, ಸದ್ದಿನ ತೋಪುಗಳಿಗೆ.
2. ಎರಡು ಎಫ್: 0.6ರಿಂದ 1.2 ಮಿಲಿಮೀಟರ್. ದಪ್ಪ ರವೆ. ಹನ್ನೆರಡು ಬೋರು, ಇಪ್ಪತ್ತು ಬೋರಿನ ಚರೆ ಕೋವಿಗಳಿಗೆ, ದೊಡ್ಡ ಗುಂಡಿನ ರೈಫಲ್‌ಗಳಿಗೆ.
3. ಮೂರು ಎಫ್: 0.3ರಿಂದ 0.85 ಮಿಲಿಮೀಟರ್. ಸಣ್ಣ ರವೆ. ಚಿಕ್ಕ ಬಾಯಿಯ ರೈಫಲ್, ಪಿಸ್ತೂಲುಗಳಿಗೆ.
4. ನಾಲ್ಕು ಎಫ್: 0.15ರಿಂದ 0.42 ಮಿಲಿಮೀಟರ್. ಚಿರೋಟಿ ರವೆ. ಚಕಮಕಿ ಕಲ್ಲಿನ ಕೋವಿಯಲ್ಲಿ ಹೊರಗಡೆ ಬಟ್ಟಲಿಗೆ ಚಿಟಿಕೆ ಹಾಕೋಕೆ ಮಾತ್ರ.

ಎರಡಕ್ಕೂ ಮೂರಕ್ಕೂ ಅಳತೆ ಸ್ವಲ್ಪ ಒಂದರ ಮೇಲೊಂದು ಬರತ್ತೆ, ಗಮನಿಸಿ. ಯುರೋಪಿನ ಕೆಲವು ಕಂಪನಿಗಳದ್ದು ಬೇರೆಯೇ ನಂಬರು. ಹಾಗಾಗಿ ಅಕ್ಷರ ಕಂಠಪಾಠ ಮಾಡೋದಕ್ಕಿಂತ ಅದರ ಹಿಂದಿನ ತರ್ಕ ತಿಳಿಯೋದು ಮುಖ್ಯ: ಬಾಯಿ ದೊಡ್ಡದಾದರೆ ಕಾಳು ದಪ್ಪ, ಬಾಯಿ ಚಿಕ್ಕದಾದರೆ ಕಾಳು ಸಣ್ಣ.

ನಮ್ಮ ಮಲೆನಾಡಿನ ಒಂಟಿ ನಳಿಗೆ ಕೇಪಿನ ಕೋವಿಗಳು ಹೆಚ್ಚಿನವು ಚರೆ ಹೊಡೆಯೋ ದೊಡ್ಡ ಬಾಯಿಯವು. ಅವಕ್ಕೆ ಹೊಂದೋದು ಎರಡನೇ ಸಾಲಿನ ದಪ್ಪ ಕಾಳು. ಮೂರನೇ ಸಾಲಿನದ್ದು ಸಿಕ್ಕಿತು ಅಂತ ಅದೇ ಅಳತೆ ಕೊಳವೆಯಲ್ಲಿ ತುಂಬಿದರೆ ಒತ್ತಡ ಹೆಚ್ಚಾಗತ್ತೆ, ಭುಜಕ್ಕೆ ಒದೆ ಹೆಚ್ಚಾಗತ್ತೆ. ಚರೆ ಚೆಲ್ಲಾಪಿಲ್ಲಿ ಆಗಿ ಗುರಿಯೂ ಕೆಡಬಹುದು. ನಾಲ್ಕನೇ ಸಾಲಿನದ್ದಂತೂ ಕೇಪಿನ ಕೋವಿಯ ನಳಿಗೆಯೊಳಗೆ ಹೋಗಲೇಬಾರದು. ಕೇಪಿನ ಕೋವಿಗೆ ಬಟ್ಟಲೇ ಇಲ್ಲ, ಅದಕ್ಕೆ ಅಲ್ಲಿ ಕೆಲಸವೂ ಇಲ್ಲ.

"ಸಣ್ಣಗಿದ್ದಷ್ಟೂ ಜೋರು ಅಂದ್ರೆ ಹಿಟ್ಟು ಮಾಡಿಬಿಟ್ರೆ ಇನ್ನೂ ಜೋರಾ?" ಅಂತ ಕೇಳೋ ಜಾಣರೂ ಇದ್ದಾರೆ. ಇಲ್ಲ ಸ್ವಾಮಿ. ಕಾಳುಗಳ ಮಧ್ಯೆ ಸಂದು ಇದ್ದರೆ ತಾನೇ ಬೆಂಕಿ ಓಡೋದು? ಹಿಟ್ಟನ್ನ ಗಜದಿಂದ ಜಡಿದರೆ ಅದು ಗಟ್ಟಿ ಬಿಲ್ಲೆ ಆಗತ್ತೆ. ಒಂದು ಸಲ ಫುಸ್ ಅನ್ನತ್ತೆ, ಇನ್ನೊಂದು ಸಲ ಏನಾಗತ್ತೋ ಹೇಳೋಕಾಗಲ್ಲ. ಹಿಂದಿನ ಕಾಲದಲ್ಲಿ ಹಿಟ್ಟಿನ ರೂಪದ ಮದ್ದನ್ನ ಗಾಡಿಯಲ್ಲಿ ಸಾಗಿಸಿದರೆ ಕುಲುಕಾಟಕ್ಕೆ ಗಂಧಕ, ಇದ್ದಿಲು, ಉಪ್ಪು ಬೇರೆಬೇರೆ ಆಗ್ತಿತ್ತು. ಆ ತೊಂದರೆಗೆ ಪರಿಹಾರವಾಗಿಯೇ ಹದಿನೈದನೇ ಶತಮಾನದಲ್ಲಿ ಯುರೋಪಿನವರು ಮದ್ದನ್ನ ಒದ್ದೆ ಮಾಡಿ ಕಾಳು ಕಟ್ಟೋಕೆ ಶುರು ಮಾಡಿದ್ದು. ಐನೂರು ವರ್ಷದ ಹಿಂದೆ ಬಿಟ್ಟ ಪದ್ಧತಿಗೆ ನಾವು ಹೊರಳಿ ಹೋಗಬೇಕಾ? ಇನ್ನೊಂದು ಮಾತು, ದಪ್ಪ ಕಾಳು ತಂದು ಮನೆಯಲ್ಲಿ ಕುಟ್ಟಿ ಸಣ್ಣ ಮಾಡೋ ಯೋಚನೆ ದಯವಿಟ್ಟು ಬೇಡ. ತಿಕ್ಕಾಟಕ್ಕೆ ಒಂದು ಕಿಡಿ ಸಾಕು.

ಇದಕ್ಕಿಂತ ಕೆಟ್ಟದ್ದು ಪಟಾಕಿ ಮದ್ದು. ದೀಪಾವಳಿ ಮುಗಿದ ಮೇಲೆ ಉಳಿದ ಬಾಂಬುಗಳನ್ನ ಬಿಡಿಸಿ ಕೋವಿಗೆ ತುಂಬೋ ಚಾಳಿ ಇದೆ. ಅದು ಕಪ್ಪು ಮದ್ದಲ್ಲ. ಸದ್ದು ಮಾಡೋ ಪಟಾಕಿಗಳಲ್ಲಿ ಸಾಮಾನ್ಯವಾಗಿ ಇರೋದು ಅಲ್ಯುಮಿನಿಯಂ ಪುಡಿ ಬೆರೆತ ಬೂದು ಬಣ್ಣದ ಪುಡಿ. ಅದು ಕಾಳಿನ ಹಾಗೆ ಹಂತಹಂತವಾಗಿ ಉರಿಯಲ್ಲ, ಒಂದೇ ಏಟಿಗೆ ಸಿಡಿಯತ್ತೆ. ಬೆಂಕಿಕಡ್ಡಿ ತಲೆ ಕೆರೆದು ಹಾಕೋದೂ ಇದೇ ಸಾಲಿಗೆ ಸೇರಿದ್ದು. ತೋಟಾ ಒಡೆದು ಅದರೊಳಗಿನ ಹೊಗೆ ಇಲ್ಲದ ಮದ್ದು ತುಂಬೋದು ಇವೆಲ್ಲದರ ಅಪ್ಪ. ಆ ಮದ್ದಿನ ಒತ್ತಡಕ್ಕೆ ಕೇಪಿನ ಕೋವಿಯ ನಳಿಗೆ ಮಾಡಿದ್ದೇ ಅಲ್ಲ.

ನಮ್ಮೂರ ಕಡೆ ನಾನು ದೊಡ್ಡಪ್ಪ ಅಂತ ಕರೆಯೋ ಒಬ್ಬರಿದ್ದಾರೆ. ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಇಲ್ಲ. ಗದ್ದೆಗೆ ಹಂದಿ ಬರ್ತಿದ್ದ ಕಾಲ. ಮದ್ದು ಖಾಲಿಯಾಗಿತ್ತು, ಪೇಟೆಗೆ ಹೋಗೋಕೆ ಮಳೆ ಬಿಡ್ತಿರಲಿಲ್ಲ. "ಕಪ್ಪಗಿರ್ಲಿಲ್ಲ ಮಾರಾಯ, ಬೂದಿ ಬಣ್ಣ ಇತ್ತು. ಸದ್ದು ಜೋರು ಬಂದ್ರೆ ಹಂದಿ ಇನ್ನೂ ದೂರ ಓಡ್ತದೆ ಅಂತ ಹಾಕ್ದೆ" ಅಂದರು ನನ್ನ ಹತ್ತಿರ. ಅವರೇನು ದಡ್ಡರಲ್ಲ. ಅಡಿಕೆ ಮರದ ಎಲೆ ನೋಡಿ ಬೇರಿನ ರೋಗ ಹೇಳೋ ಮನುಷ್ಯ. ಮದ್ದಿನ ಬಗ್ಗೆ ಅವರಿಗೆ ಯಾರೂ ಏನೂ ಹೇಳಿರಲಿಲ್ಲ, ಅಷ್ಟೇ. ಈಗ ಅಡಿಕೆ ಸುಲಿಯೋಕೆ ಕೂತರೆ ಬಲಗೈಯಲ್ಲಿ ಕತ್ತಿ, ಎಡಗೈಯ ಮೂರು ಬೆರಳಲ್ಲಿ ಅಡಿಕೆ.

ಇದನ್ನ ಹೇಳಿದಾಗೆಲ್ಲ ನನಗೆ ಮೂರು ಥರದ ಉತ್ತರ ಬರತ್ತೆ.

ಮೊದಲನೆಯದು: "ಅಜ್ಜ ಎಲ್ಲಾ ಕೈ ಅಂದಾಜಿನಲ್ಲೇ ಮಾಡ್ತಿದ್ದ, ಏನೂ ಆಗಿರಲಿಲ್ಲ." ಅಜ್ಜನ ಅಂದಾಜು ಅಂದಾಜಲ್ಲ ಗೆಳೆಯಾ, ಅಭ್ಯಾಸ. ಒಂದೇ ಅಂಗಡಿಯ ಮದ್ದು, ಒಂದೇ ಕೋವಿ, ಒಂದೇ ಅಳತೆಯ ಕೊಳವೆ, ಮೂವತ್ತು ವರ್ಷ. ಮದ್ದು ಬದಲಾದ ದಿನ ಆ ಅಂದಾಜಿಗೆ ಬೆಲೆ ಇಲ್ಲ. ನೀವು ವರ್ಷಕ್ಕೆ ಎರಡು ಸಲ ಹೋಗೋರು, ಸಿಕ್ಕಿದ ಕಡೆ ಸಿಕ್ಕಿದ್ದು ತರೋರು, ಅಜ್ಜನ ಹೆಸರು ಹೇಳಬೇಡಿ.

ಎರಡನೆಯದು: "ಕೋವಿ ಯಾಕೆ ಬೇಕು, ಎಲ್ಲಾ ಕಿತ್ತುಕೊಂಡರೆ ಆಯಿತು. ಎಲ್ಲರೂ ಶಿಕಾರಿ ಮಾಡೋಕೇ ಇಟ್ಟುಕೊಂಡಿರೋದು." ಕಾಡುಪ್ರಾಣಿ ಬೇಟೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಬೆಳೆ ಕಾಯೋ ಲೈಸೆನ್ಸ್ ಇದ್ದ ಮಾತ್ರಕ್ಕೆ ಬೇಟೆಗೆ ಪರವಾನಗಿ ಸಿಕ್ಕ ಹಾಗಲ್ಲ. ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದ್ರೆ ಮಂಗ, ಹಂದಿ ಓಡಿಸೋಕೆ ಚರೆ ಇಲ್ಲದೆ ಬರೀ ಮದ್ದಿನ ಈಡು ಹೊಡೆಯೋರು ಎಷ್ಟೋ ಜನ. ಕೊಡಗಿನಲ್ಲಿ ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು ಈಡು ಹಾರಿಸೋ ಪದ್ಧತಿ ಇದೆ, ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆ ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರೋ ಲೈಸೆನ್ಸ್ ವಿನಾಯಿತಿಯನ್ನ ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು. ಕೋವಿಗಳು ಇವೆ, ಇರ್ತವೆ. ಇರೋ ಕೋವಿ ಹಿಡಿದವನ ಕೈ ಉಳಿಸೋ ಮಾತಾಡೋಣ.

ಮೂರನೆಯದು, ಬಂದೂಕಿನ ಅಂಗಡಿ ಕಟ್ಟೆಯದು: "ಸಾರ್, ಇರೋದು ಇದೊಂದೇ. ಬೇಕಿದ್ರೆ ತಗೊಳ್ಳಿ." ನಾನು ಕೈಯಲ್ಲಿ ಹಿಡಿದು ನೋಡಿದ ಪೊಟ್ಟಣಗಳ ಮೇಲೆ ತೂಕ ಇತ್ತು, ಬೆಲೆ ಇತ್ತು. ಕಾಳಿನ ಅಳತೆ ಇರಲಿಲ್ಲ. ನಾಲ್ಕು ಕಾಳು ಅಂಗೈ ಮೇಲೆ ಹಾಕಿಕೊಂಡು ನೋಡಿದರೆ ದಪ್ಪ, ಸಣ್ಣ, ಪುಡಿ ಎಲ್ಲಾ ಕಲಸು ಮೇಲೋಗರ. ಹಣ ಕೊಟ್ಟವನು ಏನು ಕೊಂಡೆ ಅಂತ ತಿಳಿಯದೆ ಮನೆಗೆ ಹೋಗಬೇಕು.

ಈಗ ನನಗೆ ಸಿಟ್ಟು ಬರೋ ಜಾಗ. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ಓದಿ ನೋಡಿ. ನಿಜವಾಗಿ ಬೆಳೆ ರಕ್ಷಣೆಗೆ ಅಂತ ಕೇಳಿದವನಿಗೆ ಬಾಯಿಯಿಂದ ತುಂಬೋ ಕೋವಿಗೆ ಲೈಸೆನ್ಸ್ ಕೊಡಬೇಕು ಅಂತಿದೆ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಮಾತ್ರ ಬೇರೆ ಚರೆ ಕೋವಿ. ಅಂದ್ರೆ ರೈತನಿಗೆ ಯಾವ ಕೋವಿ ಅಂತ ಆರಿಸಿದ್ದು ಕಾಯ್ದೆಯೇ. ಕೈಯಿಂದ ಮದ್ದು ಅಳೆದು ತುಂಬಲೇಬೇಕಾದ ಕೋವಿಯನ್ನ ಅವನ ಪಾಲಿಗೆ ಇಟ್ಟ ಮೇಲೆ, ಯಾವ ಮದ್ದು, ಎಷ್ಟು ಮದ್ದು ಅಂತ ಹೇಳಿಕೊಡೋ ಜವಾಬ್ದಾರಿ ಯಾರದ್ದು?

"ಅದೆಲ್ಲ ಸರಕಾರಕ್ಕೆ ಆಗದ ಕೆಲಸ" ಅನ್ನಬೇಡಿ. ಮೈಸೂರು ದಸರಾದಲ್ಲಿ 21 ಕುಶಾಲತೋಪು ಹಾರಿಸ್ತಾರಲ್ಲ, ಅವೂ ಬಾಯಿಯಿಂದ ತುಂಬೋ ಫಿರಂಗಿಗಳೇ. ಅದಕ್ಕೆ ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು ಮೊದಲೇ ತಾಲೀಮು ಮಾಡ್ತಾರೆ. ಮದ್ದು ಮೊದಲೇ ಅಳೆದು ಕಟ್ಟಿರತ್ತೆ. ಒಂದು ಸುತ್ತು ಆದ ಮೇಲೆ ನಳಿಗೆಯೊಳಗೆ ಒದ್ದೆ ದಂಡ ಆಡಿಸಿ ಕಿಡಿ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಮುಂದಿನದ್ದು. ಆನೆ, ಕುದುರೆಗಳಿಗೂ ಆ ಸದ್ದಿನ ತಾಲೀಮು ಇದೆ! ಆನೆಗೆ ಇರೋ ತರಬೇತಿ ರೈತನಿಗೆ ಇಲ್ಲ :-)

ಚುನಾವಣೆ ಬಂದರೆ ಪೊಲೀಸ್ ಠಾಣೆಯಿಂದ ಪ್ರತಿ ಲೈಸೆನ್ಸುದಾರನಿಗೂ ಕೋವಿ ತಂದು ಒಪ್ಪಿಸಿ ಅಂತ ಹೇಳಿಕಳಿಸ್ತಾರೆ. ಪಟ್ಟಿ ಇದೆ, ಹೆಸರಿದೆ, ಕೋವಿಯ ನಂಬರಿದೆ. ಕೋವಿ ವಾಪಸ್ ಕೊಡೋ ದಿನ ಅದೇ ಪಟ್ಟಿ ಹಿಡಿದು ಅರ್ಧ ಗಂಟೆ ಪಾಠ ಮಾಡೋಕೆ ಏನು ಕಷ್ಟ? 2016ರ ಆಯುಧ ನಿಯಮಗಳಲ್ಲಿ ಲೈಸೆನ್ಸಿಗೆ ಅರ್ಜಿ ಹಾಕೋರಿಗೆ ಸುರಕ್ಷತಾ ತರಬೇತಿ ಅಂತ ಒಂದು ಇದೆಯಲ್ಲ, ಅದರಲ್ಲಿ ಕೇಪಿನ ಕೋವಿಗೂ ಒಂದು ಪಾಠ ಸೇರಲಿ.

ನಾನು ಕೇಳೋದು ಇಷ್ಟೇ:

1. ಕೋವಿ ಮದ್ದಿನ ಪ್ರತಿ ಪೊಟ್ಟಣದ ಮೇಲೆ ಕಾಳಿನ ಅಳತೆ, ತಯಾರಾದ ತಿಂಗಳು ಕನ್ನಡದಲ್ಲಿ ಇರಬೇಕು.
2. ದಪ್ಪ ಕಾಳು, ಸಣ್ಣ ಕಾಳು ಬೇರೆಬೇರೆ ಮಾರಬೇಕು. ಕಲಸಿದ್ದು ಬೇಡ.
3. ಯಾವ ಬೋರಿಗೆ ಯಾವ ಕಾಳು, ಎಷ್ಟು ಅಳತೆ ಅಂತ ಒಂದು ಹಾಳೆ ಲೈಸೆನ್ಸ್ ಪುಸ್ತಕದ ಜೊತೆ ಕೊಡಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಆಗೋದೂ ಇದೆ. ಹೆಸರು ತಿಳಿಯದ ಮದ್ದು ತುಂಬಬೇಡಿ. ತೇವ ಹಿಡಿದು ಗಂಟಾದ ಮದ್ದು, ಪುಡಿಯಾದ ಮದ್ದು ಬಳಸಬೇಡಿ. ನಮ್ಮ ಮಳೆಗಾಲ ದಾಟಿದ ಮದ್ದು ಮೊದಲಿನ ಕಾಳಾಗಿ ಉಳಿದಿರತ್ತೆ ಅನ್ನೋ ಭರವಸೆ ಇಲ್ಲ. ಒಲೆ ಹತ್ತಿರ ಒಣಗಿಸೋ ಮಾತಂತೂ ಬೇಡವೇ ಬೇಡ. ಡಬ್ಬಿಯಿಂದ ನೇರ ನಳಿಗೆಗೆ ಸುರಿಯಬೇಡಿ, ಒಳಗೆ ಹಿಂದಿನ ಈಡಿನ ಕಿಡಿ ಇದ್ದರೆ ಡಬ್ಬಿ ಸಮೇತ ಹೋಗತ್ತೆ. ಅಳತೆ ಕೊಳವೆ ಇಟ್ಟುಕೊಳ್ಳಿ. ಗಜದ ಮೇಲೆ ಎರಡು ಗುರುತು ಹಾಕಿ: ಖಾಲಿ ನಳಿಗೆಗೆ ಒಂದು, ಒಂದು ಈಡು ತುಂಬಿದ್ದಕ್ಕೆ ಒಂದು. ಮೊದಲೇ ತುಂಬಿದೆಯಾ, ಉಂಡೆ ತಳದವರೆಗೆ ಕೂತಿದೆಯಾ ಅಂತ ಎರಡೂ ತಿಳಿಯತ್ತೆ. ಮದ್ದಿಗೂ ಉಂಡೆಗೂ ನಡುವೆ ಜಾಗ ಉಳಿದರೆ ಅಲ್ಲೇ ನಳಿಗೆ ಉಬ್ಬೋದು. ಕಪ್ಪು ಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಮಸಿ, ಉಪ್ಪಾಗಿ ಉಳಿಯತ್ತೆ. ಅದೇ ದಿನ ಬಿಸಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಾಕದಿದ್ದರೆ ಮಲೆನಾಡಿನ ಹವೆಗೆ ತುಕ್ಕು ಖಂಡಿತ. ತುಕ್ಕು ತಿಂದ ನಳಿಗೆಗೆ ಸರಿಯಾದ ಕಾಳೂ ಅಪಾಯವೇ. ಮತ್ತೆ ಇಲ್ಲಿಂದ ಬಸ್ಸಿನಲ್ಲಿ ಬ್ಯಾಗಿನ ತಳದಲ್ಲಿ ಪಟಾಕಿ, ಮದ್ದು ಬಚ್ಚಿಟ್ಟು ಒಯ್ಯೋ ಸಾಹಸ ಬಿಡಿ. ಬಸ್ಸಿನಲ್ಲಿ ಇನ್ನೂ ನಲವತ್ತು ಜನ ಇರ್ತಾರೆ.

ನಮ್ಮ ಕಡೆ ಆಸ್ಪತ್ರೆಯಲ್ಲಿ ಕೊಡೋ ಔಷಧಿಗೂ ಮದ್ದು ಅಂತಲೇ ಅನ್ನೋದು. ಆ ಮದ್ದಿನ ಪಟ್ಟಿ ಮೇಲೆ ಹೆಸರು, ಅಳತೆ, ತಾರೀಕು ಇಲ್ಲದಿದ್ದರೆ ಅಂಗಡಿಯವರ ಜೊತೆ ಜಗಳ ಆಡಿ ವಾಪಸ್ ಕೊಟ್ಟು ಬರ್ತೀವಿ. ಈ ಮದ್ದಿಗೂ ಅಷ್ಟೇ ಜಗಳ ಆಡೋಣ ಅನ್ನೋದು ನನ್ನ ವಾದ. ಊರಿನ ಕಡೆ ಕೋವಿ ಇರೋ ಬ್ಲಾಗಿಗರು ಮುಂದಿನ ಸಲ ಹೋದಾಗ ಪೊಟ್ಟಣ ತಿರುಗಿಸಿ ನೋಡಿ, ಅದರ ಮೇಲೆ ಏನು ಬರೆದಿದೆ ಅಂತ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಹತ್ತು ಊರಿನ ಹತ್ತು ಪೊಟ್ಟಣದ ವಿವರ ಸೇರಿದರೆ, ಅದನ್ನ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಬರೆಯೋ ಕೆಲಸ ನನ್ನದು.